ದೊಡ್ಡಕ್ಷರದ ಅಂದ, ಒತ್ತಕ್ಷರದ ಪಾಡು

ಅಂಗಡಿಯ ಫಲಕ, ಲಗ್ನಪತ್ರಿಕೆ, ಪುಸ್ತಕದ ಹೊದಿಕೆ, ಸಿನಿಮಾದ ಹೆಸರು: ದೊಡ್ಡದಾಗಿ ಕಾಣಬೇಕಾದ ಅಕ್ಷರಕ್ಕೆ ಬೇರೆಯದೇ ವಿನ್ಯಾಸ ಬೇಕು. ಇಂಗ್ಲಿಷಿನಲ್ಲಿ ಈ ವಿದ್ಯೆಗೆ ಶತಮಾನಗಳ ಇತಿಹಾಸವಿದೆ. ನಮ್ಮ ಕನ್ನಡದಲ್ಲಿ?

ಮೆಜೆಸ್ಟಿಕ್ಕಿನಿಂದ ಕೆಂಗೇರಿಯ ಕಡೆಗೆ ಹೊರಟ ಮೆಟ್ರೊ ರೈಲಿನಲ್ಲಿ ಕುಳಿತವರಿಗೆ ಪುಕ್ಕಟೆಯಾಗಿ ಒಂದು ಅಕ್ಷರ ಪಾಠ ಸಿಗುತ್ತದೆ. ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ ಎಂದು ನಿಲ್ದಾಣಗಳ ಹೆಸರು ಒಂದಾದ ಮೇಲೊಂದು ಬರುತ್ತವೆ. ‘ವಿಜಯನಗರ’ ಸಮತಟ್ಟಾದ ಹೆಸರು. ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕುಳಿತುಬಿಡುತ್ತದೆ. ಪಕ್ಕದ ‘ಅತ್ತಿಗುಪ್ಪೆ’ ಹಾಗಲ್ಲ. ಮೇಲೆ ಗುಡಿಸು ಮತ್ತು ಏತ್ವ, ಬದಿಯಲ್ಲಿ ಕೊಂಬು, ಕೆಳಗೆ ಎರಡು ಒತ್ತು. ಇಂಗ್ಲಿಷಿನಲ್ಲಿ ಎರಡು ಹೆಸರೂ ಹೆಚ್ಚುಕಡಿಮೆ ಒಂದೇ ಎತ್ತರ. ಕನ್ನಡದಲ್ಲಿ ಒಂದು ನೆಲಮಾಳಿಗೆಯಿಲ್ಲದ ಮನೆ, ಇನ್ನೊಂದು ಮೂರಂತಸ್ತಿನದು.

ಇಷ್ಟು ಚಿಕ್ಕ ವ್ಯತ್ಯಾಸದಲ್ಲಿ ಕನ್ನಡ ಅಕ್ಷರ ವಿನ್ಯಾಸದ ಅರ್ಧ ಕಥೆಯಿದೆ. ಈ ಕಥೆ ಈಗ ಮುಖ್ಯವಾಗಲು ಕಾರಣವೂ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು, ಅದೂ ಫಲಕದ ಮೇಲರ್ಧದಲ್ಲಿ. ಕನ್ನಡ ಎಷ್ಟಿರಬೇಕು ಎಂಬುದನ್ನು ಕಾಯ್ದೆ ಹೇಳಿತು. ಹೇಗಿರಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳಲಾರದು. ಅದು ಫಲಕ ಮಾಡಿಸುವವರ, ಮಾಡುವವರ, ಕೊನೆಗೆ ಓದುವವರ ಕಣ್ಣಿಗೆ ಬಿಟ್ಟ ವಿಷಯ.

ಓದುವ ಅಕ್ಷರ, ನೋಡುವ ಅಕ್ಷರ

ಅಚ್ಚಿನ ಅಕ್ಷರಗಳಲ್ಲಿ ಎರಡು ಬಗೆ. ಪುಸ್ತಕದ ಒಳಪುಟಗಳಲ್ಲಿ ಗಂಟೆಗಟ್ಟಲೆ ಓದಬೇಕಾದ ಅಕ್ಷರ ಒಂದು. ಅದು ತನ್ನ ಕಡೆಗೆ ಗಮನ ಸೆಳೆಯಬಾರದು. ಊಟದಲ್ಲಿ ನೀರಿದ್ದಂತೆ ಇರಬೇಕು. ಇನ್ನೊಂದು ಶೀರ್ಷಿಕೆಯ ಅಕ್ಷರ. ನಾಲ್ಕೈದು ಪದಗಳಲ್ಲಿ, ದೂರದಿಂದಲೇ, ತಾನು ಯಾರೆಂದು ಹೇಳಿಬಿಡಬೇಕು.

ಅಕ್ಷರದ ಗಾತ್ರವನ್ನು ‘ಪಾಯಿಂಟ್’ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ. ಒಂದು ಅಂಗುಲಕ್ಕೆ 72 ಪಾಯಿಂಟು. ಪುಸ್ತಕದ ಒಳಪುಟದ ಅಕ್ಷರ ಸಾಮಾನ್ಯವಾಗಿ 10ರಿಂದ 12 ಪಾಯಿಂಟ್ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಿಕ್ಕ ಅಕ್ಷರದಲ್ಲಿ ಗೆರೆ ತೀರಾ ತೆಳುವಾದರೆ ಅಚ್ಚಿನಲ್ಲಿ ಮಾಯವಾಗುತ್ತದೆ. ಆದರೆ ಅದೇ ಅಕ್ಷರವನ್ನು ಒಂದಂಗುಲ ಎತ್ತರಕ್ಕೆ ಹಿಗ್ಗಿಸಿದರೆ ಬೇರೆಯೇ ತೊಂದರೆ. ಚಿಕ್ಕದರಲ್ಲಿ ಹಿತವಾಗಿದ್ದ ಗೆರೆ ದೊಡ್ಡದರಲ್ಲಿ ದಪ್ಪ ಹಗ್ಗದಂತೆ ಒರಟಾಗಿ ಕಾಣುತ್ತದೆ. ಹಾಗಾಗಿ ದೊಡ್ಡಕ್ಷರಕ್ಕೆ ಪ್ರತ್ಯೇಕ ವಿನ್ಯಾಸ ಬೇಕಾಯಿತು: ದಪ್ಪ ಗೆರೆ ಧಾರಾಳವಾಗಿ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು ತೆಳು.

ಇಂಗ್ಲಿಷಿನಲ್ಲಿ ಈ ಏರಿಳಿತದ ಸೊಬಗಿಗೆ ಹೆಸರಾದವರು ಇಟಲಿಯ ಪಾರ್ಮಾ ನಗರದ ಮುದ್ರಕ ಜಿಯಾಂಬಟಿಸ್ಟಾ ಬೊಡೋನಿ (1740-1813) ಮತ್ತು ಫ್ರಾನ್ಸಿನ ದಿದೋ ಮನೆತನದವರು. ಅವರಿಗೂ ಮೊದಲು ಇಂಗ್ಲೆಂಡಿನ ಜಾನ್ ಬಾಸ್ಕರ್‌ವಿಲ್ ನುಣುಪಾದ ಕಾಗದ, ಒಳ್ಳೆಯ ಶಾಯಿ ಬಳಸಿ ತೆಳು ಗೆರೆಯನ್ನು ಅಚ್ಚಿನಲ್ಲಿ ಉಳಿಸಿಕೊಳ್ಳುವುದು ಸಾಧ್ಯವೆಂದು ತೋರಿಸಿದ್ದರು. ಅಂದ ಎನ್ನುವುದು ಚಿತ್ರಗಾರನ ಕೈಯಲ್ಲಿ ಮಾತ್ರ ಇಲ್ಲ, ಕಾಗದದಲ್ಲೂ ಶಾಯಿಯಲ್ಲೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ಈ ಅಕ್ಷರಗಳ ತುದಿಯಲ್ಲಿ ಪುಟ್ಟ ಪಾದದಂಥ ಅಡ್ಡಗೆರೆಗಳಿರುತ್ತವೆ. ಇವಕ್ಕೆ ‘ಸೆರಿಫ್’ ಎಂದು ಹೆಸರು. ರೋಮ್ ನಗರದಲ್ಲಿ ಕ್ರಿ.ಶ. 113ರಲ್ಲಿ ಪೂರ್ಣಗೊಂಡ ಟ್ರಾಜನ್ ಸ್ತಂಭದ ಬುಡದಲ್ಲಿ ಕೆತ್ತಿದ ಶಾಸನದಲ್ಲಿ ಈ ಪಾದಗಳನ್ನು ಸ್ಪಷ್ಟವಾಗಿ ನೋಡಬಹುದು. ಅದೇ ಶಾಸನವನ್ನು ಆಧರಿಸಿ ಅಮೆರಿಕದ ಕ್ಯಾರೊಲ್ ಟ್ವಾಂಬ್ಲಿ 1989ರಲ್ಲಿ ‘ಟ್ರಾಜನ್’ ಎಂಬ ಅಕ್ಷರ ಮಾದರಿಯನ್ನು ರೂಪಿಸಿದರು. ಹಾಲಿವುಡ್ ಸಿನಿಮಾಗಳ ಭಿತ್ತಿಪತ್ರಗಳಲ್ಲಿ ಅದನ್ನು ನೀವು ಲೆಕ್ಕವಿಲ್ಲದಷ್ಟು ಸಲ ನೋಡಿರುತ್ತೀರಿ. ಡೆನ್ಮಾರ್ಕಿನ ಕ್ಲಾಸ್ ಎಗ್ಗರ್ಸ್ ಸೋರೆನ್ಸನ್ 2011ರಲ್ಲಿ ಹೊರತಂದ ‘ಪ್ಲೇಫೇರ್ ಡಿಸ್‌ಪ್ಲೇ’ ಇದೇ ಪರಂಪರೆಯ ಕುಡಿ. ಕಾಸು ಕೊಡದೆ ಬಳಸಬಹುದಾದ್ದರಿಂದ ಕಾಲೇಜಿನ ಆಹ್ವಾನ ಪತ್ರಿಕೆಯಿಂದ ಕಾಫಿ ಅಂಗಡಿಯ ಫಲಕದವರೆಗೆ ಅದು ಎಲ್ಲೆಲ್ಲೂ ಇದೆ. ಆದರೆ ಅದರಲ್ಲಿ ಕನ್ನಡವಿಲ್ಲ.

ತಲಕಟ್ಟು ಆಭರಣವಲ್ಲ

ಹಾಗಿದ್ದರೆ ಕನ್ನಡಕ್ಕೂ ಸೆರಿಫ್ ಇದೆಯೇ? ನಮ್ಮ ಅಕ್ಷರಗಳ ತಲೆಯ ಮೇಲಿನ ತಲಕಟ್ಟು ನೋಡಿದವರಿಗೆ ಅದೇ ಸೆರಿಫ್ ಎನಿಸುವುದು ಸಹಜ. ಆದರೆ ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟ ತಂದೆತಾಯಿಯರಿಗೆ ಉತ್ತರ ಗೊತ್ತೇ ಇದೆ. ‘ತಲಕಟ್ಟು ಕ, ಇಳಿ ಕಾ, ಗುಡಿಸು ಕಿ’ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ತಲಕಟ್ಟು ‘ಅ’ ಸ್ವರದ ಗುರುತು. ಗುಡಿಸು ಬಂದಾಗ ತಲಕಟ್ಟು ಜಾಗ ಬಿಟ್ಟುಕೊಡುತ್ತದೆ. ಇಂಗ್ಲಿಷಿನ ಅಕ್ಷರದಿಂದ ಸೆರಿಫ್ ಕಿತ್ತರೆ ಸರಳ ಅಕ್ಷರ ಸಿಗುತ್ತದೆ, ಉಚ್ಚಾರ ಬದಲಾಗುವುದಿಲ್ಲ. ಕನ್ನಡದ ‘ಕ’ದಿಂದ ತಲಕಟ್ಟು ಕಿತ್ತರೆ ಸ್ವರವನ್ನೇ ಕಿತ್ತಂತೆ. ಅಲ್ಲಿ ಆಭರಣವಾಗಿರುವುದು ಇಲ್ಲಿ ದನಿ.

ಜ, ಟ, ಣ, ಬ, ಲ ಮೊದಲಾದ ಕೆಲವು ಅಕ್ಷರಗಳಿಗೆ ತಲಕಟ್ಟೇ ಇಲ್ಲ ಎಂಬುದು ವಿನ್ಯಾಸಕಾರನಿಗೆ ಇನ್ನೊಂದು ತಲೆನೋವು. ತಲಕಟ್ಟಿದ್ದ ಅಕ್ಷರಗಳ ಸಾಲಿನಲ್ಲಿ ಇವು ಬೋಳಾಗಿ ಕಾಣದಂತೆ ತೂಗಿಸಬೇಕು. ‘ಬಸವೇಶ್ವರನಗರ’ ಎಂದು ಬರೆದು ನೋಡಿ: ಮೊದಲ ‘ಬ’ ಒಂಟಿಯಾಗಿ ನಿಲ್ಲುತ್ತದೆ, ಆಮೇಲಿನ ಅಕ್ಷರಗಳೆಲ್ಲ ತಲೆಯ ಮೇಲೆ ಏನಾದರೊಂದು ಹೊತ್ತಿವೆ.

ತೆಳು ಗೆರೆಯ ಬೆಲೆಯೂ ಕನ್ನಡದಲ್ಲಿ ದುಬಾರಿ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಪುಟ್ಟ ಸೀಳು. ‘ಮರ’ವನ್ನು ‘ಮಠ’ ಮಾಡುವುದು ನಡುವಿನ ಒಂದು ಚುಕ್ಕಿ. ಒತ್ತು ಅಳಿಸಿಹೋದರೆ ‘ಕತ್ತೆ’ ‘ಕತೆ’ಯಾಗುತ್ತದೆ, ‘ಬಳ್ಳಿ’ ‘ಬಳಿ’ಯಾಗುತ್ತದೆ. ದೊಡ್ಡಕ್ಷರವನ್ನು ನಾಜೂಕು ಮಾಡುವ ಭರದಲ್ಲಿ ಈ ಸೀಳನ್ನೂ ಚುಕ್ಕಿಯನ್ನೂ ಕೂದಲೆಳೆಯಷ್ಟು ಸಣ್ಣದು ಮಾಡಿದರೆ, ಧನಲಕ್ಷ್ಮಿ ಹಣಕಾಸು ಸಂಸ್ಥೆ ರಸ್ತೆಯ ಆಚೆಬದಿಯಿಂದ ದನಗಳ ವ್ಯಾಪಾರದ ಅಂಗಡಿಯಾಗಿ ಕಂಡೀತು!

ಕಲ್ಲಿನಿಂದ ಮೊಳೆಗೆ

ಕನ್ನಡ ಅಕ್ಷರ ಕಲ್ಲಿನ ಮೇಲೆ ಮೂಡಿ ಸಾವಿರದೈನೂರು ವರ್ಷಗಳಾಗಿವೆ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಬೆಂಗಳೂರಿನ ಹೆಬ್ಬಾಳದಲ್ಲೇ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ ದೊರೆತಿದೆ. ಓಲೆಗರಿಯ ಮೇಲೆ ಕಂಠದಿಂದ ಗೀರಿ ಬರೆಯುವಾಗ ಎಲ್ಲ ಗೆರೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ. ಇಂಗ್ಲಿಷಿನಲ್ಲಿ ದಪ್ಪ-ತೆಳುವಿನ ಲೆಕ್ಕ ಹುಟ್ಟಿದ್ದು ಅಗಲ ಮೊನೆಯ ಲೇಖನಿಯಿಂದ. ಕೈ ಬೇರೆ, ಸಾಧನ ಬೇರೆ ಆದ್ದರಿಂದ, ಅಲ್ಲಿ ನಿಲುಗೆರೆ ದಪ್ಪ, ಅಡ್ಡಗೆರೆ ತೆಳು ಎಂಬ ಸೂತ್ರವನ್ನು ತಂದು ದುಂಡನೆಯ ಕನ್ನಡದ ಮೇಲೆ ಹಾಗೆಯೇ ಹೇರಲಾಗುವುದಿಲ್ಲ.

ಅಚ್ಚಿನ ಮೊಳೆಗಳಲ್ಲಿ ಕನ್ನಡ ಮೂಡಿದ ಮೊದಲ ಪುಸ್ತಕಗಳಲ್ಲಿ ಹೆಸರಾದದ್ದು ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ. 1817ರಲ್ಲಿ ಅದು ಅಚ್ಚಾದದ್ದು ಶ್ರೀರಾಂಪುರದಲ್ಲಿ. ರಾಜಾಜಿನಗರದ ಮಗ್ಗುಲಿನ ನಮ್ಮ ಶ್ರೀರಾಂಪುರವಲ್ಲ, ಬಂಗಾಳದ್ದು! ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ವನ್ನು ಕನ್ನಡದ ಮೊದಲ ಪತ್ರಿಕೆ ಎಂದು ನಾವು ಗೌರವಿಸುತ್ತೇವೆ. ಕುತೂಹಲದ ಸಂಗತಿಯೆಂದರೆ ಅದು ಮೊಳೆ ಜೋಡಿಸಿ ಅಚ್ಚು ಹಾಕಿದ ಪತ್ರಿಕೆಯಲ್ಲ. ಕೈಬರಹವನ್ನು ಕಲ್ಲಚ್ಚಿನಿಂದ ಮೂಡಿಸಿದ್ದು. ಮೊಳೆಯ ಅಚ್ಚು ಅಲ್ಲಿ ನೆಲೆಯೂರಿದ್ದು ಆಮೇಲೆ.

ಅದೇ ಮುದ್ರಣಾಲಯದಿಂದ 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳ ಆ ಗ್ರಂಥದ ಪುಟ ತೆರೆದರೆ ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷೂ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಜಗಳವಾಡದಂತೆ ಕೂರಿಸುವುದು ಇಂದಿನ ಫಲಕ ಮಾಡುವವರ ಸಮಸ್ಯೆಯೂ ಹೌದು. ಮಂಗಳೂರಿನ ಮುದ್ರಕರು ಅದನ್ನು ಸೀಸದ ಮೊಳೆಗಳಲ್ಲಿ, ಒಂದೊಂದಾಗಿ ಜೋಡಿಸಿ, ಸಾವಿರಾರು ಪುಟಗಳ ಕರಡು ತಿದ್ದಿ ಮಾಡಿದ್ದರು.

ಮೊಳೆಯ ಕಾಲದಲ್ಲಿ ಕನ್ನಡ ಕಂಪೋಸಿಟರನ ಪಾಡು ಕೇಳಬೇಡಿ. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಇದ್ದರೆ ಆಯಿತು. ಜೊತೆಗೆ ಅಂಕಿ, ಚಿಹ್ನೆ. ಕನ್ನಡಕ್ಕೆ ಅಕ್ಷರ, ಗುಣಿತ, ಒತ್ತು ಎಂದು ನೂರಾರು ಮೊಳೆ ತುಂಬಿದ ಪೆಟ್ಟಿಗೆಗಳು. ಅಷ್ಟೂ ಮೊಳೆಗಳನ್ನು ಪ್ರತಿ ಗಾತ್ರಕ್ಕೂ, ಪ್ರತಿ ಮಾದರಿಗೂ ಎರಕ ಹೊಯ್ಯುವುದು ದುಬಾರಿ ಕೆಲಸ. ಕನ್ನಡದಲ್ಲಿ ಶೀರ್ಷಿಕೆಗೆಂದೇ ಮಾಡಿದ ಅಂದದ ಮೊಳೆಗಳು ಬಹಳ ಕಾಲ ಬೆರಳೆಣಿಕೆಯಷ್ಟೇ ಇದ್ದುದಕ್ಕೆ ಇದೂ ಒಂದು ದೊಡ್ಡ ಕಾರಣ.

ಕುಂಚದ ಕಾಲ, ಫ್ಲೆಕ್ಸಿನ ಕಾಲ

ಮೊಳೆ ಇಲ್ಲದ ಕೊರತೆ ತುಂಬಿದವರು ಕುಂಚ ಹಿಡಿದ ಕಲಾವಿದರು. ಪತ್ರಿಕೆಯ ತಲೆಬರಹ, ಕಾದಂಬರಿಯ ಹೊದಿಕೆ, ಗಾಂಧಿನಗರದ ಸಿನಿಮಾ ಭಿತ್ತಿಪತ್ರ ಎಲ್ಲವೂ ಕೈಬರಹವೇ. ಇಲ್ಲಿ ಒಂದು ಮುಖ್ಯ ಭೇದ ಗಮನಿಸಬೇಕು. ಒಂದು ಸಿನಿಮಾದ ಹೆಸರಿಗೆ ಐದಾರು ಅಕ್ಷರ ಬರೆದರೆ ಸಾಕು. ಆ ಐದಾರು ಅಕ್ಷರ ಒಂದಕ್ಕೊಂದು ಹೊಂದಿದರೆ ಕೆಲಸ ಮುಗಿಯಿತು. ಆದರೆ ಅಕ್ಷರ ಮಾದರಿ, ಅಂದರೆ ಫಾಂಟ್ ಮಾಡಬೇಕಾದರೆ, ಮುಂದೆ ಯಾರೋ ಟೈಪು ಮಾಡಲಿರುವ ಯಾವುದೇ ಪದದಲ್ಲಿ ಯಾವುದೇ ಅಕ್ಷರ ಯಾವುದರ ಪಕ್ಕ ಬಂದರೂ ಹೊಂದಬೇಕು. ಮೊದಲನೆಯದು ಒಂದು ಮನೆ ಕಟ್ಟುವ ಕೆಲಸ. ಎರಡನೆಯದು ಇಟ್ಟಿಗೆ ಮಾಡುವ ಕೆಲಸ.

ಗಣಕ ಬಂದ ಮೇಲೆ ಎರಡೂ ಬದಲಾದವು. ಕೆ.ಪಿ. ರಾವ್ ಅವರು ಧ್ವನಿಗೆ ಅನುಗುಣವಾಗಿ ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡದ ಬೆರಳಚ್ಚನ್ನು ಸುಲಭ ಮಾಡಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳನ್ನು ಮುಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಕನ್ನಡ ಫಾಂಟ್ ಮನೆಮನೆಯ ಗಣಕಕ್ಕೆ ಬಂತು. ಇವೆಲ್ಲ ಉಪಕಾರಗಳೇ. ಆದರೆ ಇವುಗಳ ಗುರಿ ಪತ್ರ ವ್ಯವಹಾರ, ಪುಸ್ತಕದ ಒಳಪುಟ, ಪರದೆಯ ಮೇಲಿನ ಓದು. ಫ್ಲೆಕ್ಸ್ ಮುದ್ರಣ ಅಗ್ಗವಾಗಿ ಕುಂಚದ ಕಲಾವಿದರು ಮೂಲೆಗೆ ಸರಿದಾಗ, ಓದಲೆಂದು ಮಾಡಿದ ಅಕ್ಷರವನ್ನೇ ಹತ್ತಡಿ ಅಗಲಕ್ಕೆ ಹಿಗ್ಗಿಸಿ, ನೆರಳು ಕೊಟ್ಟು, ಅಂಚು ಬಳಿದು ಫಲಕ ಮಾಡುವ ರೂಢಿ ಬೆಳೆಯಿತು.

ಇನ್ನೂ ಕೆಟ್ಟದ್ದೆಂದರೆ ಮುರಿದ ಒತ್ತು. ಕನ್ನಡದ ಜೋಡಣೆಯ ನಿಯಮ ತಿಳಿಯದ ತಂತ್ರಾಂಶದಲ್ಲಿ, ಅಥವಾ ಅದನ್ನು ತಿಳಿದ ಆಯ್ಕೆಯನ್ನು ಚಾಲೂ ಮಾಡದೆ, ಅಕ್ಷರ ಹಾಕಿದರೆ ‘ಅತ್ತಿಗುಪ್ಪೆ’ ಹೋಗಿ ‘ಅತ್‌ತಿಗುಪ್‌ಪೆ’ ಆಗುತ್ತದೆ. ಫಲಕ ಮಾಡುವವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೆಯೇ ಅಂಗಡಿಯ ನೆತ್ತಿಗೇರುತ್ತದೆ. ಶೇಕಡಾ 60ರ ಲೆಕ್ಕ ಸರಿಯಾಗಿದ್ದರೂ ಕನ್ನಡ ಅಲ್ಲಿ ಕುಂಟುತ್ತಿರುತ್ತದೆ.

ಹೊಸ ಚಿಗುರು

ನಿರಾಶೆಪಡುವ ಕಾಲ ಇದಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕನ್ನಡಕ್ಕೆ ಒಳ್ಳೆಯ ಅಕ್ಷರ ಮಾದರಿಗಳು ಬಂದಿವೆ. ಹಲವು ಮುಕ್ತ ಪರವಾನಗಿಯಲ್ಲಿ ಉಚಿತವಾಗಿಯೇ ಸಿಗುತ್ತವೆ. ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಯ ಪುಸ್ತಕಗಳಿಗೆಂದು ರೂಪುಗೊಂಡ ಅಕ್ಷರಗಳ ಕುಟುಂಬಕ್ಕೆ ಸೇರಿದ ‘ಟಿರೊ ಕನ್ನಡ’ದಲ್ಲಿ ಹಳೆಯ ಅಚ್ಚಿನ ಗಾಂಭೀರ್ಯವಿದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ ಆ ಮಾಲೆಯಲ್ಲಿ 2017ರಲ್ಲಿ ಬಂತು. ‘ನೋಟೊ ಸೆರಿಫ್ ಕನ್ನಡ’ದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಹಲವು ತೂಕಗಳಿವೆ, ಶೀರ್ಷಿಕೆಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ವಿನ್ಯಾಸಕಿ ವೈಷ್ಣವಿ ಮೂರ್ತಿ ಅವರು ಜುವಾನ್ ಲೂಯಿಸ್ ಬ್ಲಾಂಕೊ ಜೊತೆ ಮಾಡಿದ ‘ಅಕಾಯ ಕನಡಕ’ ಶೀರ್ಷಿಕೆಗೆಂದೇ ಹುಟ್ಟಿದ ಅಕ್ಷರ. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಗುಂಡುಗುಂಡಾಗಿ ಮಕ್ಕಳ ಪುಸ್ತಕದ ಹೊದಿಕೆಗೆ ಒಪ್ಪುತ್ತದೆ. ಅದೇ ಸಂಸ್ಥೆಯ ‘ಅನೇಕ್ ಕನ್ನಡ’ ಕಿರಿದರಿಂದ ಅಗಲಕ್ಕೆ ಹಿಗ್ಗುವ ಗುಣದಿಂದ ಫಲಕಗಳಿಗೆ ಹೇಳಿ ಮಾಡಿಸಿದಂತಿದೆ.

ಬಡಾವಣೆಯ ಹೆಸರೇ ಒರೆಗಲ್ಲು

ಇಷ್ಟರಲ್ಲಿ ಯಾವುದನ್ನು ಆರಿಸುವುದು? ಇಂಗ್ಲಿಷಿನ ಅಕ್ಷರ ವಿನ್ಯಾಸಕಾರರು ‘ಹ್ಯಾಂಬರ್ಗೆಫಾಂಟ್ಸ್’ ಎಂಬ ಅರ್ಥವಿಲ್ಲದ ಪದವನ್ನು ಬರೆದು ಅಕ್ಷರದ ಗುಣ ಪರೀಕ್ಷಿಸುತ್ತಾರೆ. ಕನ್ನಡಕ್ಕೆ ಅಂಥ ಪದ ಹುಡುಕಲು ದೂರ ಹೋಗಬೇಕಿಲ್ಲ. ಪಶ್ಚಿಮ ಬೆಂಗಳೂರಿನ ಹೆಸರುಗಳೇ ಸಾಕು.

‘ರಾಜಾಜಿನಗರ’ದಲ್ಲಿ ಒತ್ತಿಲ್ಲ; ಅಕ್ಷರಗಳ ನಡುವಿನ ಅಂತರ ಸಮವಾಗಿದೆಯೇ ಎಂದು ನೋಡಲು ಅದು ಒಳ್ಳೆಯದು. ‘ಕೆಂಗೇರಿ’ಯಲ್ಲಿ ಸೊನ್ನೆ ತೀರಾ ದೂರ ಸರಿದಿದೆಯೇ ನೋಡಿ. ‘ಹೊಸಹಳ್ಳಿ’ ಮತ್ತು ‘ಪಟ್ಟಣಗೆರೆ’ಯಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆಯೋ, ಜೋತಾಡುತ್ತಿದೆಯೋ? ‘ಜ್ಞಾನಭಾರತಿ’ಯಲ್ಲಿ ‘ಜ್ಞಾ’ ಒಂದೇ ಘಟಕವಾಗಿ ಕಾಣುತ್ತದೆಯೇ? ‘ಭ’ದ ಸೀಳು ದೂರಕ್ಕೂ ಉಳಿಯುತ್ತದೆಯೇ? ಕೊನೆಯ ಪರೀಕ್ಷೆ ಹಸಿರು ಮಾರ್ಗದ ‘ಮಹಾಲಕ್ಷ್ಮಿ’. ‘ಕ್ಷ್ಮಿ’ಯಲ್ಲಿ ಮೂರು ವ್ಯಂಜನ, ಅದರ ಮೇಲೆ ಗುಡಿಸು. ಈ ಒಂದು ಅಕ್ಷರ ಉಸಿರುಗಟ್ಟದೆ ನಿಂತರೆ ಆ ಫಾಂಟ್ ತೇರ್ಗಡೆಯಾಯಿತು ಎನ್ನಿ.

ದೂರದ ಲೆಕ್ಕವೂ ಇರಲಿ. ಹತ್ತು ಅಡಿ ದೂರಕ್ಕೆ ಒಂದಂಗುಲ ಎತ್ತರದ ಅಕ್ಷರ ಬೇಕೆಂಬುದು ಫಲಕದ ಕಸುಬಿನಲ್ಲಿ ಬಳಕೆಯಲ್ಲಿರುವ ಅಂದಾಜು. ಅದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಮೂಲಾಕ್ಷರ ಕಂಡರೆ ಸಾಲದು, ಅದಕ್ಕಿಂತ ಚಿಕ್ಕದಾದ ಒತ್ತೂ ಕಾಣಬೇಕು. ಆದ್ದರಿಂದ ಫಲಕದ ಎತ್ತರದಲ್ಲಿ ಕನ್ನಡಕ್ಕೆ ಕೆಳಗೂ ಮೇಲೂ ಧಾರಾಳ ಜಾಗ ಬಿಡುವುದು ಅನಿವಾರ್ಯ. ಇಂಗ್ಲಿಷಿನ ಅಳತೆಯ ಪಟ್ಟಿಯೊಳಗೆ ಕನ್ನಡವನ್ನು ತುರುಕಿದಾಗಲೇ ಅಕ್ಷರ ಕುಗ್ಗಿ ಒತ್ತು ಮಾಯವಾಗುವುದು.

ಎಲ್ಲಿ ಯಾವುದು?

ವಿದ್ಯಾರ್ಥಿಗಳು ಪ್ರಾಜೆಕ್ಟಿನ ಹೊದಿಕೆಗೆ, ಕಾಲೇಜು ಹಬ್ಬದ ಭಿತ್ತಿಪತ್ರಕ್ಕೆ, ಹಿರಿಯರು ಮನೆಯ ಲಗ್ನಪತ್ರಿಕೆಗೆ ಅಕ್ಷರ ಆರಿಸುವಾಗ ನಾಲ್ಕು ಮಾತು ನೆನಪಿಟ್ಟರೆ ಸಾಕು.

ನಾಜೂಕು ಅಕ್ಷರ ದೊಡ್ಡದಾಗಿ, ಕಡಿಮೆ ಪದಗಳಿಗೆ ಮಾತ್ರ. ಲಗ್ನಪತ್ರಿಕೆಯ ತಲೆಯ ‘ಶ್ರೀ’ ಮತ್ತು ವಧೂವರರ ಹೆಸರಿಗೆ ಅದು ಶೋಭೆ. ಅದರಲ್ಲೇ ಮುಹೂರ್ತದ ಗಳಿಗೆ, ಕಲ್ಯಾಣ ಮಂಟಪದ ವಿಳಾಸ ಅಚ್ಚು ಹಾಕಿಸಿದರೆ ಕನ್ನಡಕ ಹಾಕಿದ ಅಜ್ಜಿ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ. ಚಿನ್ನದ ಬಣ್ಣದ ಶಾಯಿಯಲ್ಲಿ, ಮಿರುಗುವ ಕಾಗದದ ಮೇಲೆ ತೆಳು ಗೆರೆ ಇನ್ನಷ್ಟು ಕರಗುತ್ತದೆ.

ಒಂದು ಪುಟದಲ್ಲಿ ಎರಡಕ್ಕಿಂತ ಹೆಚ್ಚು ಮಾದರಿ ಬೇಡ. ಶೀರ್ಷಿಕೆಗೆ ಒಂದು, ಒಳಗಿನ ಮಾತಿಗೆ ಒಂದು.

ಇಂಗ್ಲಿಷ್ ಜೊತೆಗಿದ್ದರೆ ಗುಣ ನೋಡಿ ಜೋಡಿಸಿ. ‘ಪ್ಲೇಫೇರ್’ನಂಥ ಏರಿಳಿತದ ಇಂಗ್ಲಿಷಿನ ಪಕ್ಕ ಒಂದೇ ದಪ್ಪದ ಕನ್ನಡ ಇಟ್ಟರೆ ಕನ್ನಡ ಆಮೇಲೆ ಅಂಟಿಸಿದ ಚೀಟಿಯಂತೆ ಕಾಣುತ್ತದೆ. ಏರಿಳಿತವಿರುವ ‘ಟಿರೊ’ ಅಥವಾ ‘ನೋಟೊ ಸೆರಿಫ್’ ಪಕ್ಕ ಕೂರಿಸಿ ನೋಡಿ. ಕನ್ನಡದ ಅಕ್ಷರವನ್ನು ಬಲವಂತವಾಗಿ ಉದ್ದಕ್ಕೆಳೆಯುವುದು, ಅಡ್ಡಕ್ಕೆ ಹಿಗ್ಗಿಸುವುದು ಮಾತ್ರ ಬೇಡ. ಗೆರೆಗಳ ತೂಕವೆಲ್ಲ ಕೆಡುತ್ತದೆ.

ಅಚ್ಚಿಗೆ ಕೊಡುವ ಮುನ್ನ ಕರಡು ಪ್ರತಿಯನ್ನು ಗೋಡೆಗೆ ಅಂಟಿಸಿ, ದೂರ ನಿಂತು, ಮನೆಯವರಲ್ಲಿ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಅಕ್ಷರದ ತಪ್ಪಿದೆ, ಓದುವವರ ತಪ್ಪಲ್ಲ.

ಕಸುಬಾಗಿ ಕಲಿಯಬೇಕೆಂದರೆ

ಚಿತ್ರ ಬರೆಯುವ ಮಕ್ಕಳನ್ನು ಕಂಡು ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಚಿಂತಿಸುವ ತಂದೆತಾಯಿಗಳಿಗೆ ಒಂದು ಮಾತು. ಅಕ್ಷರ ವಿನ್ಯಾಸ ಇಂದು ಚಿತ್ರಕಲೆ, ಭಾಷೆ, ಗಣಕ ಮೂರೂ ಸೇರಿದ ವೃತ್ತಿ. ಮೊಬೈಲ್ ಫೋನ್ ತಯಾರಿಸುವವರಿಗೂ, ಪತ್ರಿಕೆಗಳಿಗೂ, ಸಿನಿಮಾದವರಿಗೂ ಭಾರತೀಯ ಭಾಷೆಗಳ ಅಕ್ಷರ ಬೇಕು. ಕನ್ನಡವನ್ನು ಓದಿ ಬರೆದು ಬೆಳೆದವರಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲವಿದೆ. ಒತ್ತು ತಪ್ಪಿದ್ದು ಅವರ ಕಣ್ಣಿಗೆ ತಟ್ಟನೆ ಚುಚ್ಚುತ್ತದೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಮುಂಬಯಿ ಐಐಟಿಯ ವಿನ್ಯಾಸ ವಿಭಾಗ ಈ ವಿದ್ಯೆಗೆ ಹೆಸರಾದವು. ಭಾರತೀಯ ಲಿಪಿಗಳಿಗಾಗಿ ದುಡಿದ ಆರ್.ಕೆ. ಜೋಶಿ (1936-2008) ಪಾಠ ಹೇಳಿದ್ದು ಮುಂಬಯಿಯಲ್ಲೇ. ಪದವಿಗೆ ಸೇರಲು ಪ್ರವೇಶ ಪರೀಕ್ಷೆಗಳಿವೆ. ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಪ್ರಯತ್ನಿಸಬಹುದು. ಬೆಂಗಳೂರಿನಲ್ಲೇ ಕಲೆ ಕಲಿಯಲು ಚಿತ್ರಕಲಾ ಪರಿಷತ್ತಿದೆ. ಮನೆಯಲ್ಲೇ ಆರಂಭಿಸಲು ‘ಫಾಂಟ್‌ಫೋರ್ಜ್’ನಂಥ ಉಚಿತ ತಂತ್ರಾಂಶವಿದೆ. ಅದಕ್ಕೂ ಮೊದಲು ಬೇಕಾದದ್ದು ಚೌಕುಳಿ ಪುಸ್ತಕ, ಪೆನ್ಸಿಲ್ ಮತ್ತು ತಾಳ್ಮೆ. ‘ಅ’ದಿಂದ ‘ಳ’ದವರೆಗೆ ಒಂದೇ ತೂಕದಲ್ಲಿ, ಒಂದೇ ವಂಶದ ಮುಖಚಹರೆ ಬರುವಂತೆ ಬರೆಯುವುದಕ್ಕೆ ಒಂದು ರಜೆಯೇ ಬೇಕಾದೀತು.

ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಇನ್ನು ಮುಂದೆ ಏಳುವ ಪ್ರತಿ ಫಲಕದಲ್ಲೂ ಕನ್ನಡ ಇದ್ದೇ ಇರುತ್ತದೆ. ಅದು ಕಾನೂನಿಗೆ ಹೆದರಿ ನಿಂತ ಕನ್ನಡವೋ, ತನ್ನ ಅಂದದಿಂದ ದಾರಿಹೋಕರನ್ನು ಒಂದು ಕ್ಷಣ ನಿಲ್ಲಿಸುವ ಕನ್ನಡವೋ ಎಂಬುದನ್ನು ನಿರ್ಧರಿಸುವವರು ಇಂದು ಶಾಲೆಯ ಬೆಂಚಿನ ಮೇಲೆ ಕಾಗುಣಿತ ಬರೆಯುತ್ತಿದ್ದಾರೆ. ಅವರ ಪುಸ್ತಕದಲ್ಲಿ ಒತ್ತಕ್ಷರಕ್ಕೆ ಬೇಕಾದಷ್ಟು ಜಾಗ ಬಿಡುವುದನ್ನು ಈಗಲೇ ಕಲಿಸಬೇಕು.